ಕಾಫಿ ಕುಯ್ಯಕ್ಕೆ ಅಸ್ಸಾಂನೋರು ಬರ್ದಿದ್ರೆ ಮಿಷನ್ ಬರುತ್ತಾ?

ಮೂಡಿಗೆರೆ ಹುಡ್ಗ:
ನಮ್ ಕಡೆ ತೋಟಗಳಲ್ಲಿ ಈಗ ಹಣ್ಣು ಕುಯ್ಯೋರು ಹೆಚ್ಚುಕಮ್ಮಿ ಅಸ್ಸಾಂನೋರೇ, ಊರಿನ ಹುಡುಗ್ರೆಲ್ಲ ಬೆಂಗ್ಳೂರು ಸೇರ್ಕೊಂಡಿದಾರೆ. ಮೊನ್ನೆ ನಮ್ಮ ಲೈನಿಂದ, ಅಂದ್ರೆ ತೋಟದ ಕೂಲಿಯೋರ ಮನೆ ಸಾಲಿಂದ, ಒಂದು ಗ್ಯಾಂಗು ರಾತ್ರೋರಾತ್ರಿ ಪಾತ್ರೆಪಗಡೆ ಕಟ್ಕೊಂಡು ಪಕ್ಕದ ತೋಟಕ್ಕೆ ಹೋಯ್ತು, ಅಲ್ಲಿ ಕೆಜಿಗೆ ಒಂದ್ರೂಪಾಯಿ ಜಾಸ್ತಿ ಅಂತೆ, ಅಪ್ಪ ಕೆಂಡಾಮಂಡಲ. ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಹೇಳೋದು, ಹೊರಗಿನೋರು ಸಿಗೋ ತನಕ ಯಾರೂ ಮಿಷನ್ನಿಗೆ ದುಡ್ಡು ಹಾಕಲ್ಲ, ಅವ್ರು ಬರೋದು ನಿಂತ್ರೆ ಬ್ರಿಟನ್ನಲ್ಲಿ ಆದಂಗೆ ಮಿಷನ್ ಬರುತ್ತೆ, ಕೂಲಿನೂ ಏರುತ್ತೆ ಅಂತ. ಬ್ರಿಟನ್ನಲ್ಲಿ ನಿಜವಾಗ್ಲೂ ಹಂಗೇ ಆಯ್ತಾ?

ಕೆಂಟ್ ಕನ್ನಡಿಗ:
ಎಲ್ಲಿ ಸ್ವಾಮಿ! ಇಲ್ಲಿ ರೊಮೇನಿಯಾ, ಬಲ್ಗೇರಿಯಾದೋರು ವೀಸಾ ಇಲ್ದೆ ಬಂದು ಸ್ಟ್ರಾಬೆರಿ ಕಿತ್ತು ವಾಪಸ್ ಹೋಗ್ತಿದ್ರು, ಬ್ರೆಕ್ಸಿಟ್ ಆಗಿ 2020ರ ಡಿಸೆಂಬರ್ ಕೊನೆಗೆ ಅದು ನಿಂತೋಯ್ತು. ಆಮೇಲೆ ಬಂದಿದ್ದು ಮಿಷನ್ ಅಲ್ಲ, ವೀಸಾ. ಅದಕ್ಕೂ ಮುಂಚೆನೇ 2019ರಲ್ಲಿ 2,500 ಜನಕ್ಕೆ ಅಂತ ಟ್ರಯಲ್ ಥರ ಶುರುವಾಗಿದ್ದು 2023ಕ್ಕೆ 45,000ಕ್ಕೆ ಏರ್ತು. ಈಗ ಕಿರ್ಗಿಸ್ತಾನ್, ತಜಿಕಿಸ್ತಾನ್ ಕಡೆಯೋರು ಜಾಸ್ತಿ. ಆರು ತಿಂಗಳಷ್ಟೆ, ಹೆಂಡ್ತಿ ಮಕ್ಕಳನ್ನ ಕರ್ಕೊಂಬರಂಗಿಲ್ಲ, ಫಾರಂ ಬದಲಾಯಿಸ್ಬೇಕು ಅಂದ್ರೆ ಕರೆಸಿದ ಏಜೆನ್ಸಿನೇ ಕೇಳ್ಬೇಕು. ನಿಮ್ಮ ಗ್ಯಾಂಗ್ ಮಾಡಿದ್ ಕೆಲ್ಸ ಇವರ ಕೈಲಿ ಆಗಲ್ಲ. ರೋಬೋಟ್ ಟ್ರಯಲ್ ನಡೀತಾನೇ ಇದೆ, ಆದ್ರೆ ಎಲೆ ಮರೇಲಿರೋ ಹಣ್ಣು ಹುಡುಕಿ ಜಜ್ಜದಂಗೆ ಕೀಳೋದ್ರಲ್ಲಿ ಪಳಗಿದ ಕೈಗೆ ಏಗೋದು ಕಷ್ಟ.

ಹಳೇ ಕಡತ:
ಅಮೆರಿಕದ್ದು ಇದಕ್ಕಿಂತ ಒಳ್ಳೆ ಉದಾಹರಣೆ. ಮೆಕ್ಸಿಕೋದಿಂದ ಕೂಲಿ ತರೋ ಬ್ರಾಸೆರೊ ವ್ಯವಸ್ಥೆ 1942ರಲ್ಲಿ ಶುರುವಾಗಿ 1964ರ ಕೊನೆಗೆ ನಿಂತ್ತು. ಕ್ಯಾಲಿಫೋರ್ನಿಯಾದಲ್ಲಿ ಕೆಚಪ್ಪಿಗೆ ಹೋಗೋ ಟೊಮ್ಯಾಟೊ ಕೀಳೋದು ಕೆಲವೇ ವರ್ಷದಲ್ಲಿ ಪೂರ್ತಿ ಮಿಷನ್ನಿಗೆ ಹೋಯ್ತು. ಆದ್ರೆ ಆ ಮಿಷನ್ನು, ಅದಕ್ಕೆ ತಕ್ಕ ಗಟ್ಟಿ ಸಿಪ್ಪೆ, ಒಂದೇ ಸಲಕ್ಕೆ ಹಣ್ಣಾಗೋ ತಳಿ, ಎರಡನ್ನೂ ಡೇವಿಸ್ ವಿಶ್ವವಿದ್ಯಾಲಯದೋರು ಮೊದ್ಲೇ ರೆಡಿ ಮಾಡಿಟ್ಟಿದ್ರು. ಸ್ಟ್ರಾಬೆರಿ ಇವತ್ತಿಗೂ ಕೈಲೇ. ಕೂಲಿ ವಿಷ್ಯ ಕೇಳಿ: 2018ರಲ್ಲಿ ಕ್ಲೆಮೆನ್ಸ್ ಮತ್ತೆ ಅವರ ಜೊತೆಗಾರ ಅರ್ಥಶಾಸ್ತ್ರಜ್ಞರು ಹಳೇ ಲೆಕ್ಕ ತೆಗೆದು ನೋಡಿದ್ರೆ, ಮೆಕ್ಸಿಕೋದೋರನ್ನ ಕಳಿಸಿದ್ದಕ್ಕೆ ಅಂತ ಅಲ್ಲಿನೋರ ಕೂಲಿ ಏನೂ ಏರಿರ್ಲಿಲ್ಲ. ಮಿಷನ್ ಇದ್ದ ಬೆಳೇಲಿ ಮಿಷನ್ ತಂದ್ರು, ಇಲ್ಲದ ಬೆಳೆ ಬೆಳೆಯೋದು ಕಮ್ಮಿ ಮಾಡಿದ್ರು.

ಕಣದ ಮೇಸ್ತ್ರಿ:
ಹಂಗಾದ್ರೆ ಕಾಫಿಗೂ ಅದೇ ಲೆಕ್ಕ. ಬ್ರೆಜಿಲ್ಲಿನ ಸೆರಾಡೊ ಅನ್ನೋ ಬಯಲು ಸೀಮೇಲಿ ನೆಲ ಸಪಾಟು, ಬಿಸಿಲಲ್ಲಿ ಬೆಳೆದ ಸಾಲು ಗಿಡ, ಮೇಲಿಂದ ದೊಡ್ಡ ಮಿಷನ್ ಹತ್ತಿಸಿ ಅಲುಗಾಡಿಸ್ಕೊಂಡು ಹೋಗ್ತಾರೆ. ನಮ್ಮದು ಗುಡ್ಡದ ಇಳಿಜಾರು, ಸಿಲ್ವರ್ ಓಕು, ಅದಕ್ಕೆ ಮೆಣಸಿನ ಬಳ್ಳಿ, ಟ್ರ್ಯಾಕ್ಟರ್ ತಿರುಗ್ಸಕ್ಕೇ ಜಾಗ ಇಲ್ಲ. ಅರೇಬಿಕಾ ಜಾತಿ ಕಾಫಿ ಅಂತೂ ಒಂದೇ ಗೊಂಚಲಲ್ಲಿ ಕೆಂಪು ಪಕ್ಕ ಹಸಿರು, ಕೈಲಿ ಹಿಡಿಯೋ ಮಿಷನ್ನು ಎರಡನ್ನೂ ಉದುರ್ಸುತ್ತೆ, ಹಸಿರು ಕಾಯಿ ಸಿಪ್ಪೆ ಸುಲಿಯೋ ಪಲ್ಪರಿಗೆ ಹೋದ್ರೆ ಪಾರ್ಚ್‌ಮೆಂಟ್, ಅಂದ್ರೆ ಸುಲಿದು ಒಣಗಿಸಿದ ಬೀಜದ, ಕ್ವಾಲಿಟಿ ಹಾಳು. ಇನ್ನು ಒಂದ್ರೂಪಾಯಿಗೆ ಗ್ಯಾಂಗ್ ಹೋಯ್ತು ಅಂತ ಬೇಜಾರು ಯಾಕೆ, ನಾವೂ ವ್ಯಾಪಾರಿ ಮೂಟೆಗೆ ಐವತ್ತು ಜಾಸ್ತಿ ಅಂದ್ರೆ ಅವನಿಗೇ ಕೊಡಲ್ವಾ? ಲೈನಲ್ಲಿ ನೀರು, ಕಕ್ಕಸು ಸರಿ ಇದ್ಯಾ ನೋಡಿ ಮೊದ್ಲು. ದುಡ್ಡು ಗ್ಯಾಂಗಿನ ಲೀಡರ್ ಕೈಗೆ ಕೊಡ್ಬೇಡಿ, ತೂಕ ಹಾಕಿ ಅವರವರ ಕೈಗೇ ಕೊಡಿ.

ಮೂಡಿಗೆರೆ ಹುಡ್ಗ:
ಲೀಡರ್ ವಿಷ್ಯ ಹೌದು, ಅವನೇ ಕಮಿಷನ್ ಮುರ್ಕೊಳ್ತಾನೆ ಅಂತ ಆಮೇಲೆ ಗೊತ್ತಾಯ್ತು. ಇನ್ನೊಂದು ಜಾತಿ ಕಾಫಿ ರೋಬಸ್ಟಾದ ಕೊನೇ ಸುತ್ತಿಗಾದ್ರೂ ಆ ಕೈಮಿಷನ್ ಆಗುತ್ತಾ, ಅಲ್ಲಿ ಹೆಂಗೂ ಉಳಿದಿದ್ದೆಲ್ಲ ಎಳೆಯೋದೇ ತಾನೆ?

ಕಣದ ಮೇಸ್ತ್ರಿ:
ಆಗುತ್ತೆ, ಕೆಳಗೆ ನೆಟ್ ಹಾಸ್ಬೇಕು. ಆದ್ರೆ ನೆಟ್ ಎಳೆಯೋಕೆ, ಕಸ ಆರಿಸೋಕೆ ಜನ ಬೇಕೇ ಬೇಕು, ಕೊಳ್ಳೋ ಮುಂಚೆ ಅದನ್ನೂ ಲೆಕ್ಕ ಹಾಕ್ಕೊಳಿ.