ಮಡಿಕೇರಿಯಲ್ಲಿ 1966ರ ಎಂಜಿಬಿ: ಜೋಡಿ ಎಸ್‌ಯು ಸಾಕಾ, ಇಂಜೆಕ್ಷನ್ ಹಾಕಿಸಲಾ?

ಗಾಳಿಬೀಡು_ಎಂಜಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1966ರ ಎಂಜಿಬಿ ಇದೆ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವುದಕ್ಕೆ ಎಸ್‌ಯು ಕಂಪನಿಯ ಜೋಡಿ ಎಚ್‌ಎಸ್4 ಕಾರ್ಬೊರೇಟರ್. ಮಾವ ಮಿಲಿಟರಿಯಿಂದ ರಿಟೈರ್ ಆಗಿ ಬಂದಾಗ ತೆಗೆದುಕೊಂಡ ಗಾಡಿ, ಈಗ ನನ್ನ ಪಾಲಿಗೆ ಬಂದಿದೆ. ಮಂಗಳೂರಿನಲ್ಲಿ ಒಂದು ಗ್ಯಾರೇಜಿನವರು ಟ್ಯೂನ್ ಮಾಡಿಕೊಟ್ಟರು. ಅಲ್ಲಿ ಚೆನ್ನಾಗಿಯೇ ಓಡಿತು. ಸಂಪಾಜೆ ಘಾಟಿ ಹತ್ತಿ ಮನೆ ಸೇರಿದ ಮೇಲೆ ರಗಳೆ ಶುರು. ಬೆಳಿಗ್ಗೆ ಚಳಿಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ಬಿಸಿಯಾದ ಮೇಲೂ ಐಡಲಿಂಗ್ ಕುಂಟುತ್ತದೆ, ಪೆಟ್ರೋಲ್ ವಾಸನೆ ಬೇರೆ. ಪ್ಲಗ್ ಬಿಚ್ಚಿ ನೋಡಿದರೆ 3 ಮತ್ತು 4ನೆಯದು ಮಸಿ ಕಪ್ಪು, 1 ಮತ್ತು 2 ಪರವಾಗಿಲ್ಲ, ಕಂದು ಬಣ್ಣ.

ಗ್ಯಾರೇಜಿಗೆ ಫೋನ್ ಮಾಡಿದರೆ, "ಸಾರ್, ಅದು ಎತ್ತರದ ಪ್ರಾಬ್ಲಂ. ಕಾರ್ಬೊರೇಟರ್ ತೆಗೆದು ಇಂಜೆಕ್ಷನ್ ಕಿಟ್ ಹಾಕಿಸಿಬಿಡಿ" ಅಂತಾರೆ. ಅಂದರೆ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಇಂಜೆಕ್ಟರಿನಿಂದ ಚಿಮ್ಮಿಸುವ ಏರ್ಪಾಡು. ಕಿಟ್‌ಗೆ ಹೇಳುವ ರೇಟು ಕೇಳಿದರೆ ಈ ಸಲದ ಕಾಫಿ ದುಡ್ಡು ಅಲ್ಲಿಗೇ ಮುಗಿಯಿತು. ಹಾಕಿಸಿದವರು ಯಾರಾದರೂ ಇದ್ದೀರಾ?

ಕಾವೇರಿದಂಡೆ_ಜಿಪ್ಸಿ:
ನಾನು ಕುಶಾಲನಗರದವನು. ನನ್ನ ಹಳೇ ಜಿಪ್ಸಿಗೆ ಹಾಕಿಸಿದ್ದೇನೆ, ಆರಾಮಾಗಿದ್ದೇನೆ. ಇಸಿಯು, ಅಂದರೆ ಕಿಟ್ಟಿನ ಕಂಪ್ಯೂಟರ್, ಗಾಳಿಯ ಒತ್ತಡ ತಾನೇ ಅಳೆಯುತ್ತದೆ, ಪೆಟ್ರೋಲ್ ತಾನೇ ಕಡಿಮೆ ಜಾಸ್ತಿ ಮಾಡುತ್ತದೆ. ತಲಕಾವೇರಿಗೆ ಹೋದರೂ ಅದೇ ಐಡಲಿಂಗ್, ಉಳ್ಳಾಲಕ್ಕೆ ಹೋದರೂ ಅದೇ. ಚೋಕ್ ಅನ್ನೋದು ಮರೆತೇ ಹೋಗಿದೆ. ಒಂದು ಸಲ ಖರ್ಚು, ಹಾಕಿಸಿಬಿಡಿ.

ಪೊನ್ನಂಪೇಟೆ_ಸ್ಪ್ಯಾನರ್:
ಸ್ವಲ್ಪ ತಡೀರಿ. ಪ್ಲಗ್ ವಿಷಯ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಎತ್ತರದ ಕಾಟ ಆಗಿದ್ದರೆ ನಾಲ್ಕೂ ಪ್ಲಗ್ ಕಪ್ಪಾಗಬೇಕಿತ್ತು. ಮುಂದಿನ ಕಾರ್ಬೊರೇಟರ್ 1, 2ಕ್ಕೆ, ಹಿಂದಿನದು 3, 4ಕ್ಕೆ. ಮಡಿಕೇರಿಯ ಗಾಳಿ ಹಿಂದಿನ ಕಾರ್ಬೊರೇಟರಿಗೆ ಮಾತ್ರ ತೆಳ್ಳಗಾಗುತ್ತದಾ?

ಲೆಕ್ಕವನ್ನೂ ನೋಡಿ. ಮಡಿಕೇರಿ ಸುಮಾರು 1150 ಮೀಟರ್ ಎತ್ತರ. ಸಮುದ್ರ ಮಟ್ಟಕ್ಕಿಂತ ಇಲ್ಲಿ ಗಾಳಿಯ ಸಾಂದ್ರತೆ ಶೇ. 10ರಷ್ಟು ಕಡಿಮೆ. ಎಸ್‌ಯುನಲ್ಲಿ ಮಿಶ್ರಣ ಬದಲಾಗುವುದು ಅದರ ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಶೇ. 5ರಷ್ಟು ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಆಗುತ್ತದೆ, ಅಷ್ಟೇ. ಪಿಕಪ್ ಸ್ವಲ್ಪ ಮಂದವಾಗಬಹುದು. ಪ್ಲಗ್‌ಗೆ ಮಸಿ ಹಿಡಿಯುವಷ್ಟಲ್ಲ.

ನನ್ನ ಅನುಮಾನ ಚೋಕ್ ಮೇಲೆ. ಎಸ್‌ಯುನಲ್ಲಿ ಬೇರೆ ಕಾರ್ಬೊರೇಟರಿನ ಹಾಗೆ ಬಾಯಿ ಮುಚ್ಚುವ ಮುಚ್ಚಳ ಇಲ್ಲ. ಚೋಕ್ ಎಳೆದರೆ ಪೆಟ್ರೋಲ್ ಬರುವ ಸಣ್ಣ ನಳಿಗೆ, ಅಂದರೆ ಜೆಟ್ಟೇ, ಕೆಳಗಿಳಿಯುತ್ತದೆ. ಅದರೊಳಗೆ ಇಳಿದಿರುವ ಸೂಜಿಯ ಸುತ್ತ ಸಂದು ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಚೋಕ್ ಒಳಗೆ ತಳ್ಳಿದಾಗ ಜೆಟ್ ಪೂರ್ತಿ ಮೇಲೆ ಬರಬೇಕು. ಎಷ್ಟೋ ಗಾಡಿಗಳಲ್ಲಿ ಬರುವುದಿಲ್ಲ, ಅರ್ಧದಲ್ಲೇ ಕಚ್ಚಿಕೊಂಡಿರುತ್ತದೆ. ಮಂಗಳೂರಿನ ಸೆಕೆಗೆ ನೀವು ಚೋಕ್ ಮುಟ್ಟಿರುವುದಿಲ್ಲ, ಅದಕ್ಕೇ ಅಲ್ಲಿ ಗೊತ್ತಾಗಲಿಲ್ಲ. ಬಿಸಿ ಎಂಜಿನ್, ಚೋಕ್ ಪೂರ್ತಿ ಒಳಗೆ, ಹಿಂದಿನ ಕಾರ್ಬೊರೇಟರ್ ಅಡಿಗೆ ಕೈ ಹಾಕಿ ಜೆಟ್ಟಿನ ತಲೆಯನ್ನು ಬೆರಳಲ್ಲಿ ಮೇಲಕ್ಕೆ ಒತ್ತಿ. ಮಿಸುಕಿದರೆ ಕಳ್ಳ ಸಿಕ್ಕಿದ.

ಅದು ಸರಿಯಾದ ಮೇಲೆ ಪಿನ್ ಪರೀಕ್ಷೆ ಮಾಡಿ. ಕಾರ್ಬೊರೇಟರಿನ ಪಕ್ಕದಲ್ಲಿ ಸಣ್ಣ ಪಿನ್ ಇದೆ, ಅದನ್ನು ಒತ್ತಿ ಕಾರ್ಬೊರೇಟರಿನೊಳಗಿನ ಪಿಸ್ಟನ್ನನ್ನು (ಎಂಜಿನ್ನಿನದಲ್ಲ) ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಎಂಜಿನ್ ಒಂದು ಚೂರು ಏರಿ ತಕ್ಷಣ ಇಳಿದರೆ ಮಿಶ್ರಣ ಸರಿ. ಏರಿ ಅಲ್ಲೇ ನಿಂತರೆ ರಿಚ್. ಸಾಯೋಕೆ ಹೊರಟರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಜೆಟ್ ನಟ್ಟನ್ನು ಒಂದು ಸಲಕ್ಕೆ ಒಂದು ಮುಖದಷ್ಟೇ ತಿರುಗಿಸಿ. ಸುಮ್ನೆ ಅರ್ಧ ಸುತ್ತು ತಿರುಗಿಸಿ ಕೂತರೆ ಸಂಜೆವರೆಗೂ ಮುಗಿಯುವುದಿಲ್ಲ. ಎರಡೂ ಕಡೆ ಗಾಳಿ ಸಮ ಇದೆಯಾ ಅಂತ ನೋಡುವುದಕ್ಕೆ ಒಂದು ರಬ್ಬರ್ ಪೈಪ್ ಸಾಕು: ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ, ಬುಸ್ ಅನ್ನುವ ಸದ್ದು ಎರಡರಲ್ಲೂ ಒಂದೇ ಥರ ಇರಬೇಕು.

ಇನ್ನು ಜಿಪ್ಸಿಯವರಿಗೆ. ನಿಮ್ಮ ಗಾಡಿಗೆ ಒಪ್ಪಿದ್ದು ಇದಕ್ಕೂ ಒಪ್ಪುತ್ತದೆ ಅಂತಿಲ್ಲ. 1966ರ ಎಂಜಿಬಿ ಪಾಸಿಟಿವ್ ಅರ್ಥ್ ಗಾಡಿ, ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ. ಇಸಿಯು ಹಾಕಬೇಕಾದರೆ ಮೊದಲು ಅದನ್ನು ತಿರುಗಿಸಬೇಕು. ಇರುವುದು 22 ಆಂಪಿಯರ್ ಡೈನಮೋ, ಐಡಲಿಂಗಲ್ಲಿ ಅದರಿಂದ ಬರುವುದು ಅಷ್ಟಕ್ಕಷ್ಟೇ. ಹಾಗಾಗಿ ಆಲ್ಟರ್ನೇಟರ್ ಹಾಕಬೇಕು. 3 ಬಾರ್ ಒತ್ತಡದ ಪಂಪ್, ಟ್ಯಾಂಕಿಗೆ ರಿಟರ್ನ್ ಪೈಪ್, ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ, ಸೆನ್ಸರ್. ಇಷ್ಟೂ ಕಿಟ್ ರೇಟಿನ ಮೇಲೆ.

ಅದಕ್ಕಿಂತ ದೊಡ್ಡ ತೊಡಕು ಹೆಡ್ಡಿನದು. ಈ ಬಿ ಸೀರೀಸ್ ಎಂಜಿನ್ನಲ್ಲಿ ನಾಲ್ಕು ಸಿಲಿಂಡರಿಗೆ ಇನ್ಲೆಟ್ ಪೋರ್ಟ್ (ಮಿಶ್ರಣ ಒಳಗೆ ಹೋಗುವ ದಾರಿ) ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಸಿಲಿಂಡರುಗಳು ಉರಿಯುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2, ಹಾಗಾಗಿ ಒಂದೇ ಪೋರ್ಟಿನ ಎರಡು ಸಿಲಿಂಡರ್ ಬೆನ್ನುಬೆನ್ನಿಗೆ ಎಳೆಯುತ್ತವೆ, ಆಮೇಲೆ ಉದ್ದನೆಯ ಬಿಡುವು. ಅಲ್ಲಿ ಇಂಜೆಕ್ಟರ್ ಕೂರಿಸಿದರೆ ಒಬ್ಬನ ಪಾಲು ಇನ್ನೊಬ್ಬ ತಿನ್ನುತ್ತಾನೆ. ಇದೇ ಥರ ಪೋರ್ಟ್ ಇರುವ ಮಿನಿಗೆ ರೋವರ್ ಕಂಪನಿ 1991ರಲ್ಲಿ ಒಂದೇ ಇಂಜೆಕ್ಟರ್ ಹಾಕಿತು, ಪೋರ್ಟಿಗೊಂದು ಅಂತ ಎರಡು ಹಾಕಲು 1996 ಬರಬೇಕಾಯಿತು. ಹಳೇ ಸ್ಪೋರ್ಟ್ಸ್ ಕಾರಿಗೆ ಇಂಜೆಕ್ಷನ್ನೇ ಸಲ್ಲದು ಅಂತ ನಾನು ಹೇಳುತ್ತಿಲ್ಲ. ಮರ್ಸಿಡಿಸ್ 300 ಎಸ್‌ಎಲ್ 1954ರಲ್ಲೇ ಇಂಜೆಕ್ಷನ್ ಜೊತೆ ಬಂತು. ಅದರಲ್ಲಿ ಇಂಜೆಕ್ಷನ್ ಕೂರಿಸಿದ್ದು ಕಂಪನಿಯೇ.

ನನ್ನ ಕೇಳಿದರೆ ಈಗ ಎತ್ತರಕ್ಕಿಂತ ಪೆಟ್ರೋಲಿನ ಚಿಂತೆ ಜಾಸ್ತಿ. ಬಂಕಲ್ಲಿ ಸಿಗುತ್ತಿರುವುದು ಇ20, ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲಿಗೆ ಕೂರಿಸಿದ ಕಾರ್ಬೊರೇಟರಲ್ಲಿ ಅದು ಶೇ. 8ರಷ್ಟು ಲೀನ್ ಓಡುತ್ತದೆ. ತಮಾಷೆ ನೋಡಿ, ಮಡಿಕೇರಿಯ ಎತ್ತರ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬಿಕೊಡುತ್ತದೆ! ಘಾಟಿ ಇಳಿದರೆ ಆ ಉಪಕಾರ ಇಲ್ಲ. ಅದಕ್ಕೆ ಇಲ್ಲಿ ಟ್ಯೂನ್ ಮಾಡುವಾಗ ಒಂದು ಚೂರು ರಿಚ್ ಕಡೆಗೇ ಬಿಡಿ, ಪುತ್ತೂರು ದಾಟಿದ ಮೇಲೆ ಎಂಜಿನ್ ಕೆಮ್ಮುವುದಿಲ್ಲ.

ಗಾಳಿಬೀಡು_ಎಂಜಿ:
ಸಾರ್, ಕಳ್ಳ ಸಿಕ್ಕಿದ! ಹಿಂದಿನ ಜೆಟ್ ಎರಡು ಮೂರು ಮಿಲಿಮೀಟರ್ ಕೆಳಗೇ ನಿಂತಿತ್ತು. ಬೆರಳಲ್ಲಿ ಒತ್ತಿದ ಕೂಡಲೇ ಟಕ್ ಅಂತ ಮೇಲೆ ಹೋಯಿತು, ಎಂಜಿನ್ ಸದ್ದೇ ಬೇರೆಯಾಯಿತು. ಕಾರ್ಬೊರೇಟರ್ ಪಕ್ಕದ ಪೆಟ್ರೋಲ್ ಬಟ್ಟಲು, ಫ್ಲೋಟ್ ಚೇಂಬರಿನಿಂದ ಬರುವ ನೈಲಾನ್ ಪೈಪ್ ತಿರುಚಿಕೊಂಡು ಜೆಟ್ಟನ್ನು ಎಳೆಯುತ್ತಿತ್ತು. ಚೇಂಬರ್ ಮುಚ್ಚಳ ತೆಗೆದರೆ ತಳದಲ್ಲಿ ಬಿಳೀ ಪುಡಿ ಬೇರೆ. ಅದೇನು?

ಪೊನ್ನಂಪೇಟೆ_ಸ್ಪ್ಯಾನರ್:
ಎಥನಾಲ್ ನೀರು ಹೀರಿಕೊಂಡು ಲೋಹ ತಿಂದಿರುವುದು. ನಮ್ಮ ಮಳೆಗಾಲದ ತೇವಕ್ಕೆ ಬೇಗ ಆಗುತ್ತದೆ. ಪೆಟ್ರೋಲ್ ಪೈಪೆಲ್ಲ ಎಥನಾಲ್ ತಡೆಯುವ ಆರ್9 ನಮೂನೆಗೆ ಬದಲಾಯಿಸಿ, ಫ್ಲೋಟ್ ಚೇಂಬರಿಗೆ ಪೆಟ್ರೋಲ್ ಬಿಡುವ ಸೂಜಿ ವಿಟಾನ್ (ಎಥನಾಲ್ ತಡೆಯುವ ರಬ್ಬರ್) ತುದಿಯದ್ದು ಹಾಕಿ. ಜೂನ್ ಬಂದು ಗಾಡಿ ಶೆಡ್ಡಿಗೆ ಹೋಗುವಾಗ ಟ್ಯಾಂಕ್ ತುಂಬಿಸಿ, ಎರಡೂ ಫ್ಲೋಟ್ ಚೇಂಬರ್ ಖಾಲಿ ಮಾಡಿ ಒರೆಸಿಡಿ. ಕಾರ್ಬೊರೇಟರ್ ತಲೆಯ ಮೇಲಿನ ಆಯಿಲ್ ಕೊಳವೆ, ಡ್ಯಾಶ್‌ಪಾಟಿಗೆ 20 ನಂಬರ್ ಆಯಿಲ್.

ಕಾವೇರಿದಂಡೆ_ಜಿಪ್ಸಿ:
ಸರಿ, ಈ ಸಲ ಕಾರ್ಬೊರೇಟರ್ ಗೆದ್ದಿತು. ಆದರೂ ಸೈಲೆನ್ಸರ್ ಪೈಪಿಗೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಒಂದು ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿಕೊಳ್ಳಿ, ಮಿಶ್ರಣ ಮೀಟರಲ್ಲೇ ಕಾಣುತ್ತದೆ. ಅದಕ್ಕೆ ಇಸಿಯು ಬೇಡ. ಪಾಸಿಟಿವ್ ಅರ್ಥ್ ಇರುವವರೆಗೆ ಮೀಟರನ್ನು ಬೇರೆ ಬ್ಯಾಟರಿಯಿಂದ ಓಡಿಸಬಹುದು. ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ, ಕುಶಾಲನಗರಕ್ಕೆ ಬಂದರೆ ವೆಲ್ಡಿಂಗ್ ಇಲ್ಲೇ ಮಾಡಿಸೋಣ.