ಕಿಡ್ನಿ ಸೆಲ್‌ಗಳಲ್ಲಿ ಲೂಸಿಫರ್ ಯೆಲ್ಲೋ ಹರಡುತ್ತಿಲ್ಲ, ಡೈ ಹಾಳಾಗಿದೆಯಾ?

ಹಸಿರುಬೆಳಕು: ನಮಸ್ಕಾರ. ಎಂಡಿಸಿಕೆ ಎಂಬ ಕಿಡ್ನಿ ಸೆಲ್‌ಗಳನ್ನು ಪ್ಲೇಟ್ ತುಂಬ ಬೆಳೆಸಿ, ಬ್ಲೇಡಿನಿಂದ ಗೀರು ಎಳೆದು, ಲೂಸಿಫರ್ ಯೆಲ್ಲೋ ಎಂಬ ಹೊಳೆಯುವ ಡೈ ಹಾಕಿದೆ. ಐದು ನಿಮಿಷ ಬಿಟ್ಟು ತೊಳೆದು ನೋಡಿದರೆ ಗೀರಿನ ಅಂಚಿನ ಸೆಲ್‌ಗಳು ಮಾತ್ರ ಹೊಳೆಯುತ್ತವೆ. ಪಕ್ಕದ ಸಾಲಿಗೆ ಬಣ್ಣ ದಾಟುವುದೇ ಇಲ್ಲ. ಕಿಡ್ನಿ ಸೆಲ್‌ಗಳ ನಡುವೆ ಗ್ಯಾಪ್ ಜಂಕ್ಷನ್ (ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ ನೇರ ದಾರಿ) ಇರುತ್ತದೆ ಅಲ್ವಾ? ಹೊಸ ಡೈ ತರಿಸಬೇಕಾ?

ಗೀರುಗಾರ: ಅಂಚಿನ ಸೆಲ್‌ಗಳು ಹೊಳೆಯುತ್ತಿವೆ ಅಂದ ಮೇಲೆ ಡೈ ಸರಿಯಾಗೇ ಇದೆ. ಸುಮ್ನೆ ದುಡ್ಡು ಹಾಕಬೇಡಿ. ಬಫರ್‌ನಲ್ಲಿ ಕ್ಯಾಲ್ಸಿಯಂ ಇತ್ತಾ? ಜೊತೆಗೆ ರೋಡಮಿನ್ ಡೆಕ್ಸ್‌ಟ್ರಾನ್ (ಕೆಂಪಗೆ ಹೊಳೆಯುವ ದೊಡ್ಡ ಅಣು) ಹಾಕಿದ್ದಿರಾ?

ಹಸಿರುಬೆಳಕು: ಕ್ಯಾಲ್ಸಿಯಂ ಇತ್ತು. ಅದನ್ನು ತೆಗೆದು ನೋಡು ಅಂತ ಲ್ಯಾಬ್‌ನಲ್ಲಿ ಒಬ್ಬರು ಹೇಳಿದರು. ಡೆಕ್ಸ್‌ಟ್ರಾನ್ ಹಾಕಿಲ್ಲ, ಅದು ಯಾಕೆ?

ಗೀರುಗಾರ: ಕ್ಯಾಲ್ಸಿಯಂ ತೆಗೆಯಬೇಡಿ. ತೆಗೆದರೆ ಎದುರು ಸೆಲ್‌ನಲ್ಲಿ ಇನ್ನೂ ಜೊತೆ ಸಿಗದ, ಗ್ಯಾಪ್ ಜಂಕ್ಷನ್‌ನ ಅರ್ಧ ಚಾನೆಲ್‌ಗಳು ತೆರೆದುಕೊಂಡು ಡೈ ಹೊರಗಿನಿಂದಲೇ ಒಳಗೆ ನುಗ್ಗಬಹುದು. ಗೀರಿನಿಂದ ದೂರದ ಸೆಲ್‌ಗಳೂ ಹೊಳೆಯುತ್ತವೆ, ನೀವು ಅದನ್ನೇ ಹರಡುವಿಕೆ ಅಂದುಕೊಳ್ಳುತ್ತೀರಿ. ಸೆಲ್‌ಗಳ ನಡುವಿನ ಹಿಡಿತವೂ ಸಡಿಲವಾಗುತ್ತದೆ.

ಡೆಕ್ಸ್‌ಟ್ರಾನ್ ಯಾಕೆ ಅಂದರೆ, ಗ್ಯಾಪ್ ಜಂಕ್ಷನ್ ದಾಟಲು ಅಣುವಿನ ತೂಕ ಸುಮಾರು 1000 ಡಾಲ್ಟನ್ ಒಳಗಿರಬೇಕು. ಲೂಸಿಫರ್ ಯೆಲ್ಲೋ ಅದರ ಅರ್ಧಕ್ಕಿಂತ ಕಡಿಮೆ, ದಾಟುತ್ತದೆ. 10,000 ಡಾಲ್ಟನ್ ಡೆಕ್ಸ್‌ಟ್ರಾನ್ ದಾಟುವುದಿಲ್ಲ. ಕೆಂಪು ಕಂಡ ಸೆಲ್ ಬ್ಲೇಡಿನಿಂದ ಗಾಯವಾದದ್ದು, ಬರೀ ಹಸಿರು (ಲೂಸಿಫರ್ ಯೆಲ್ಲೋ) ಕಂಡದ್ದು ನೆರೆಯಿಂದ ಪಡೆದದ್ದು.

ನೆಫ್ರಾನ್‌ಪ್ರಿಯ: ಮುಖ್ಯ ವಿಷಯ ಬಿಟ್ಟುಹೋಯಿತು. ತೊಂದರೆ ಇರುವುದು ಸೆಲ್ ಆಯ್ಕೆಯಲ್ಲಿ. ನಾಯಿಯ ಕಿಡ್ನಿಯಿಂದ ಬಂದ ಎಂಡಿಸಿಕೆಯಲ್ಲಿ ಟೈಟ್ ಜಂಕ್ಷನ್ ತುಂಬಾ ಚೆನ್ನಾಗಿರುತ್ತದೆ, ಆದರೆ ಗ್ಯಾಪ್ ಜಂಕ್ಷನ್ ಮೂಲಕ ಮಾತುಕತೆ ಬಹಳ ಕಡಿಮೆ. ಟೈಟ್ ಜಂಕ್ಷನ್ ಸೆಲ್‌ಗಳ ಸಂದಿಯನ್ನು ಮುಚ್ಚುತ್ತದೆ. ಗ್ಯಾಪ್ ಜಂಕ್ಷನ್ ಒಂದರ ಒಳಗಿನಿಂದ ಇನ್ನೊಂದರ ಒಳಕ್ಕೆ ದಾರಿ ಕೊಡುತ್ತದೆ. ಒಂದು ಗಟ್ಟಿಯಾಗಿದ್ದರೆ ಇನ್ನೊಂದೂ ಇರಲೇಬೇಕೆಂದಿಲ್ಲ.

ಇಲಿಯ ಕಿಡ್ನಿಯಿಂದ ಬಂದ ಎನ್‌ಆರ್‌ಕೆ ಸೆಲ್ ಸಿಕ್ಕರೆ ಅದನ್ನು ಬಳಸಿ. ಅದರಲ್ಲಿ ಗ್ಯಾಪ್ ಜಂಕ್ಷನ್ ಕಟ್ಟುವ ಕನೆಕ್ಸಿನ್ 43 ಜಾಸ್ತಿ ಇದೆ. ಆರು ಕನೆಕ್ಸಿನ್ ಸೇರಿ ಅರ್ಧ ಚಾನೆಲ್, ಎದುರು ಸೆಲ್‌ನ ಆರು ಬಂದು ಕೂಡಿದರೆ ಪೂರ್ತಿ ಚಾನೆಲ್. ಕನೆಕ್ಸಿನ್ 43 ಕೆಲವೇ ಗಂಟೆಗಳಲ್ಲಿ ಹಳೆಯದು ಹೋಗಿ ಹೊಸದು ಬರುವ ಪ್ರೋಟೀನ್, ಹಾಗಾಗಿ ಸೊರಗಿದ ಪ್ಲೇಟ್‌ನಲ್ಲಿ ಪ್ರಯೋಗ ಮಾಡಬೇಡಿ.

ಇನ್ನೊಂದು, 'ಕಿಡ್ನಿ ಸೆಲ್' ಅಂತ ಒಟ್ಟಾಗಿ ಹೇಳುವುದೇ ನನಗೆ ಸರಿ ಕಾಣುವುದಿಲ್ಲ. ರೆನಿನ್ (ರಕ್ತದೊತ್ತಡ ಏರಿಸಲು ನೆರವಾಗುವ ವಸ್ತು) ಬಿಡುವ ಸೆಲ್‌ಗಳಿಗೆ ಕನೆಕ್ಸಿನ್ 40 ಬೇಕು. ಅದಿಲ್ಲದ ಇಲಿಗಳಲ್ಲಿ ರಕ್ತದೊತ್ತಡ ಏರಿದರೂ ರೆನಿನ್ ತಗ್ಗುವುದಿಲ್ಲ. ಆದರೆ ಅಲ್ಲೇ ಪಕ್ಕದ, ಕಿಡ್ನಿ ನಳಿಕೆಯಲ್ಲಿ ಉಪ್ಪನ್ನು ಗಮನಿಸುವ ಮ್ಯಾಕ್ಯುಲಾ ಡೆನ್ಸಾ ಸೆಲ್‌ಗಳು ಸುದ್ದಿ ಮುಟ್ಟಿಸಲು ಎಟಿಪಿಯಂಥ ಅಣುಗಳನ್ನು ಹೊರಗೆ ಬಿಡುತ್ತವೆ.

ಹಸಿರುಬೆಳಕು: ಪಕ್ಕದ ಲ್ಯಾಬ್‌ನಿಂದ ಎನ್‌ಆರ್‌ಕೆ ಸಿಕ್ಕಿತು! ಹಸಿರು ಹಲವು ಸಾಲು ದಾಟಿ ಹೋಗಿದೆ, ಕೆಂಪು ಗೀರಿನಲ್ಲೇ ನಿಂತಿದೆ. ಈಗ ಗ್ಯಾಪ್ ಜಂಕ್ಷನ್ ಅಂತ ಬರೆದುಬಿಡಬಹುದಾ?

ನೆಫ್ರಾನ್‌ಪ್ರಿಯ: ಇನ್ನೊಂದು ಪ್ಲೇಟ್‌ಗೆ ಮೊದಲೇ ಗ್ಯಾಪ್ ಜಂಕ್ಷನ್ ತಡೆಯುವ ಕಾರ್ಬೆನೊಕ್ಸೊಲೋನ್ ಕೊಟ್ಟು ಗೀರು ಎಳೆಯಿರಿ. ಹರಡುವುದು ನಿಂತರೆ ಬರೆಯಿರಿ. ಆದರೆ ಆ ಔಷಧಿ ಎಟಿಪಿ ಹೊರಬಿಡುವ ಪ್ಯಾನೆಕ್ಸಿನ್ ಚಾನೆಲ್‌ಗಳನ್ನೂ ತಡೆಯುತ್ತದೆ. ಮುಂದೆ ಎಟಿಪಿ ಅಳೆಯುವ ಯೋಚನೆ ಇದ್ದರೆ ಅದೊಂದನ್ನೇ ನಂಬಬೇಡಿ.

ಗೀರುಗಾರ: ಫೋಟೋ ತೆಗೆಯಲು ತಡವಾಗುವುದಾದರೆ ಸೆಲ್‌ಗಳು ಇದ್ದಂತೆಯೇ ಉಳಿಯಲು ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಲೂಸಿಫರ್ ಯೆಲ್ಲೋ ಉಳಿಯುತ್ತದೆ. ಡೆಕ್ಸ್‌ಟ್ರಾನ್ ಮಾತ್ರ ಫಿಕ್ಸ್ ಆಗುವ ನಮೂನೆಯದ್ದೇ ಇರಬೇಕು, ಡಬ್ಬಿ ಮೇಲೆ ನೋಡಿಕೊಳ್ಳಿ.