‘ಚಾರ್ಜ್ ಆಗಲ್ಲ’, ‘ಚಾರ್ಜ್ ನಿಲ್ಲಲ್ಲ’: ಹಳೆ ಕಾರಿನ ಡೈನಮೋ ರಿಪೇರಿಗೆ ಬೇಕಾದ ಮಾತುಗಳು

ನಮಸ್ಕಾರ.

ಹಳೆ ಕಾರುಗಳ ಡೈನಮೋ (ಎಂಜಿನ್ ತಿರುಗಿಸಿದಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಬ್ಯಾಟರಿ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇದೇ ಕೆಲಸಕ್ಕೆ ಆಲ್ಟರ್ನೇಟರ್ ಬರುವ ಮುಂಚಿನ ಗಾಡಿಗಳು, ಅಂದರೆ ಹೆಚ್ಚುಕಡಿಮೆ 1960ರ ದಶಕದವರೆಗಿನವು. ಬಿಡಿಭಾಗಗಳ ಹೆಸರಿನಲ್ಲಿ ತಕರಾರಿಲ್ಲ. ಆರ್ಮೇಚರ್ (ತಿರುಗುವ ಸುರುಳಿ), ಕಾರ್ಬನ್ ಬ್ರಷ್, ಫೀಲ್ಡ್ ಕಾಯಿಲ್ (ಕಾಂತಶಕ್ತಿ ಕೊಡುವ, ತಿರುಗದ ಸುರುಳಿ), ರೆಗ್ಯುಲೇಟರ್ (ವೋಲ್ಟ್ ಹದದಲ್ಲಿಡುವುದು) ಎಲ್ಲವನ್ನೂ ಹಾಗೇ ಇಟ್ಟಿದ್ದೇನೆ. ಪೇಚಾಟ ಇರುವುದು ಕ್ರಿಯಾಪದಗಳಲ್ಲಿ.

‘ಚಾರ್ಜ್ ಆಗಲ್ಲ’, ‘ಚಾರ್ಜ್ ನಿಲ್ಲಲ್ಲ’ ಎರಡನ್ನೂ ಒಂದೇ ಅರ್ಥದಲ್ಲಿ ಆಡುವವರಿದ್ದಾರೆ. ನನ್ನ ಕಿವಿಗೆ ಇವು ಬೇರೆ ಬೇರೆ ದೂರು. ‘ಆಗಲ್ಲ’ ಎಂದರೆ ಡೈನಮೋ ಕಡೆಯಿಂದ ಕರೆಂಟ್ ಬರುತ್ತಿಲ್ಲ. ಬೆಲ್ಟ್ ಸಡಿಲವಾಗಿರಬಹುದು, ಬ್ರಷ್ ಸವೆದಿರಬಹುದು, ರೆಗ್ಯುಲೇಟರ್ ಕೆಟ್ಟಿರಬಹುದು. ‘ನಿಲ್ಲಲ್ಲ’ ಎಂದರೆ ಬಂದ ಚಾರ್ಜನ್ನು ಬ್ಯಾಟರಿ ಇಟ್ಟುಕೊಳ್ಳುತ್ತಿಲ್ಲ. ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿದೆ, ಇಲ್ಲವೇ ಒಂದು ಸೆಲ್ ಸತ್ತಿದೆ. ಇನ್ನೊಂದು ಮಾತೂ ಇದೆ, ‘ಇಳಿದುಹೋಗುತ್ತೆ’. ಡೈನಮೋನೂ ಚೆನ್ನಾಗಿದೆ, ಬ್ಯಾಟರಿಯೂ ಚೆನ್ನಾಗಿದೆ, ಆದರೆ ಗಾಡಿ ನಿಂತಿದ್ದಾಗ ಯಾವುದೋ ವೈರಿನಲ್ಲಿ ಕರೆಂಟ್ ಸೋರುತ್ತಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಲು ಹೋದವನಿಗೆ ಮೂರೂ ಒಂದೇ ಥರ ಕಾಣುತ್ತವೆ. ಸುಮ್ನೆ ‘ಬ್ಯಾಟರಿ ಡೌನ್’ ಅಂತಾನೆ. ಬೇರೆ ಮಾಡುವುದು ಕಷ್ಟವೇನಲ್ಲ. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. ವೈರ್ ಬಿಚ್ಚಿ ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ 12ರ ಹತ್ತಿರಕ್ಕೆ ಬಂದಿದ್ದರೆ ಅದು ‘ನಿಲ್ಲಲ್ಲ’. ವೈರ್ ಹಾಕಿದ್ದಾಗ ಮಾತ್ರ ಹಾಗಾದರೆ ‘ಇಳಿದುಹೋಗುತ್ತೆ’. ಎಂಜಿನ್ ಜೋರಾಗಿ ಓಡುತ್ತಿದ್ದರೂ ವೋಲ್ಟ್ ಏರದಿದ್ದರೆ ‘ಆಗಲ್ಲ’. ಹೀಗೆ ಮೂರು ಮಾತಿಗೆ ಮೂರು ಅಧ್ಯಾಯ ಮಾಡುವ ಆಸೆ ನನ್ನದು. ಈ ವ್ಯತ್ಯಾಸ ನಿಮ್ಮ ಮಾತಿನಲ್ಲೂ ಇದೆಯಾ, ಅಥವಾ ನಾನೇ ಎಳೆದು ತರುತ್ತಿದ್ದೇನಾ?

ಡೈನಮೋ ಅನ್ನಬೇಕೋ ಜನರೇಟರ್ ಅನ್ನಬೇಕೋ ಎಂದು ಹಲವರು ಕೇಳಿದ್ದಾರೆ. ಜನರೇಟರ್ ಎಂದರೆ ಓದುಗನಿಗೆ ಕರೆಂಟ್ ಹೋದಾಗ ಗಡಗಡ ಅನ್ನುವ ಯಂತ್ರ ನೆನಪಾಗುತ್ತದೆ. ಡೈನಮೋ ಎಂದರೆ ಸೈಕಲ್ಲಿನದು. ಆದರೆ ಸೈಕಲ್ಲಿನದರಲ್ಲಿ ತಿರುಗುವುದು ಆಯಸ್ಕಾಂತ, ಬರುವುದು ಎಸಿ. ಕಾರಿನದರಲ್ಲಿ ತಿರುಗುವುದು ಆರ್ಮೇಚರ್, ಕಮ್ಯುಟೇಟರ್ ದಾಟಿ ಹೊರಗೆ ಬರುವುದು ಡಿಸಿ. ಆದರೂ ಡೈನಮೋ ಎಂದೇ ಇಟ್ಟಿದ್ದೇನೆ. ‘ವಿದ್ಯುಜ್ಜನಕ’ ಬೇಡ. ಆಲ್ಟರ್ನೇಟರೂ ವಿದ್ಯುಜ್ಜನಕವೇ ಅಲ್ವಾ? ಇವೆರಡನ್ನು ಬೇರೆ ಮಾಡದಿದ್ದರೆ ಕೈಪಿಡಿಯೇ ದಂಡ.

ಏಕೆಂದರೆ ಎಂಜಿನ್ ನಿಧಾನಕ್ಕೆ ಓಡುವಾಗಲೂ ಆಲ್ಟರ್ನೇಟರ್ ಚಾರ್ಜ್ ಮಾಡುತ್ತದೆ, ಡೈನಮೋ ಮಾಡುವುದೇ ಇಲ್ಲ. ಆಗ ಚಾರ್ಜ್ ಆಗುತ್ತಿಲ್ಲ ಎಂದು ತಿಳಿಸುವ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕಿದರೆ ಅದು ದೋಷವಲ್ಲ. ವೇಗ ಹೆಚ್ಚಿದ ಮೇಲೂ ಮಂಕಾಗಿ ಉರಿಯುತ್ತಿದ್ದರೆ ಡೈನಮೋಗೂ ಬ್ಯಾಟರಿಗೂ ನಡುವೆ ಎಲ್ಲೋ ತಡೆ ಇದೆ, ಕಟ್‌ಔಟಿನ (ಡೈನಮೋವನ್ನು ಬ್ಯಾಟರಿಗೆ ತಾನಾಗಿಯೇ ಸೇರಿಸುವ, ಬಿಡಿಸುವ ಸ್ವಿಚ್ಚಿನ) ಪಾಯಿಂಟ್ ಕೊಳಕಾಗಿರಬಹುದು. ಆರದೇ ಚೆನ್ನಾಗಿ ಉರಿಯುತ್ತಲೇ ಇದ್ದರೆ ಕರೆಂಟೇ ಹುಟ್ಟುತ್ತಿಲ್ಲ. ‘ದೀಪ ಹತ್ತಿಕೊಳ್ಳುತ್ತದೆ’ ಎಂದಷ್ಟೇ ಬರೆದರೆ ಇವು ಮೂರೂ ಕಲಸಿಹೋಗುತ್ತವೆ. ಮಿಣುಕು, ಮಂಕಾಗಿ ಉರಿ, ಆರದೇ ಉರಿ. ಇಲ್ಲಿ ಕನ್ನಡ ನನಗೆ ಬೇಕಾದ್ದನ್ನೆಲ್ಲ ಕೊಟ್ಟಿದೆ.

ಕೊಡದೆ ಕಾಡುತ್ತಿರುವುದು ಈ ಕಟ್‌ಔಟ್. (ಸಿನಿಮಾ ನಟರದಲ್ಲ.) ಪಾಠಪುಸ್ತಕದ ರೂಢಿಯಂತೆ ಕಟ್‌ಔಟ್ ‘ಮುಚ್ಚಿದಾಗ’ ಕರೆಂಟ್ ಹರಿಯುತ್ತದೆ, ‘ತೆರೆದಾಗ’ ನಿಲ್ಲುತ್ತದೆ. ನಲ್ಲಿ ತೆರೆದರೆ ನೀರು ಬರುವುದನ್ನು ಕಂಡವನಿಗೆ ಇದು ತಲೆಕೆಳಗು. ಹಾಗಾಗಿ ನಾನು ‘ಹಿಡಿಯುತ್ತದೆ’, ‘ಬಿಡುತ್ತದೆ’ ಎಂದು ಬರೆಯುತ್ತಿದ್ದೇನೆ. 12 ವೋಲ್ಟ್ ಗಾಡಿಯಲ್ಲಿ ಡೈನಮೋ ಸುಮಾರು 13 ವೋಲ್ಟ್ ಮುಟ್ಟಿದಾಗ ಕಟ್‌ಔಟ್ ಹಿಡಿಯುತ್ತದೆ. ಡೈನಮೋ ಬ್ಯಾಟರಿಗಿಂತ ಕೆಳಗಿಳಿದರೆ ಬಿಡುತ್ತದೆ. ಪಾಯಿಂಟುಗಳು ಕಚ್ಚಿಕೊಂಡು ಬಿಡದೇ ಹೋದರೆ ಬ್ಯಾಟರಿಯ ಕರೆಂಟ್ ಹಿಂದಕ್ಕೆ ನುಗ್ಗಿ ಡೈನಮೋವನ್ನೇ ಮೋಟರಿನ ಥರ ತಿರುಗಿಸಲು ನೋಡುತ್ತದೆ, ಸುರುಳಿ ಸುಡುತ್ತದೆ. ‘ಹಿಡಿ, ಕಚ್ಚು, ಬಿಡು’ ತೀರಾ ಆಡುಮಾತಾಯಿತು ಎಂದು ಒಬ್ಬರು ಮೂಗು ಮುರಿದರು. ನನಗೇನೋ ಇಷ್ಟ.

‘ಅರ್ಥ್’ಗೆ ‘ಭೂಸಂಪರ್ಕ’ ಎಂದು ಯಾರೂ ಸೂಚಿಸಬೇಡಿ. ರಬ್ಬರ್ ಟೈರಿನ ಮೇಲೆ ನಿಂತ ಗಾಡಿಗೆ ಭೂಮಿಯ ಸಂಪರ್ಕ ಎಲ್ಲಿಂದ? ‘ಬಾಡಿ’ ಸಾಕು. ಹಳೆ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಹೋಗಿರುವುದೂ ಉಂಟು. ಅದನ್ನಂತೂ ದಪ್ಪಕ್ಷರದಲ್ಲಿ ಹಾಕುತ್ತೇನೆ.

ಇನ್ನು ನನ್ನ ನಿಜವಾದ ಪ್ರಶ್ನೆ. ಅದಕ್ಕೆ ಮೊದಲು ಡೈನಮೋ ಪರೀಕ್ಷಿಸುವ ಬಗೆ ಹೇಳಿಬಿಡುತ್ತೇನೆ. ಫೀಲ್ಡ್ ಕಾಯಿಲಿನ ಒಂದು ತುದಿ ಒಳಗೇ ಬಾಡಿಗೆ ಸೇರಿರುವ ಡೈನಮೋ ಅಂದುಕೊಳ್ಳಿ. ಡಿ (ಡೈನಮೋದಿಂದ ಕರೆಂಟ್ ಹೊರಬರುವುದು), ಎಫ್ (ಫೀಲ್ಡಿನದು) ಎರಡೂ ವೈರ್ ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಅಲ್ಲಿಂದ ಬಾಡಿಗೆ ವೋಲ್ಟ್‌ಮೀಟರ್ ಹಿಡಿಯಬೇಕು. ಎಂಜಿನ್ ವೇಗವನ್ನು ನಿಧಾನಕ್ಕೆ 1000 ಆರ್‌ಪಿಎಂವರೆಗೆ ಏರಿಸಿದರೆ ಮುಳ್ಳು ಕುಣಿಯದೇ ಸರಸರ ಏರಬೇಕು. 20 ವೋಲ್ಟ್ ದಾಟಿಸಬಾರದು. ಅರ್ಧ, ಒಂದು ವೋಲ್ಟಿಗೇ ನಿಂತರೆ ಫೀಲ್ಡ್ ಮೇಲೆ ಅನುಮಾನ, 4-5ಕ್ಕೆ ನಿಂತರೆ ಆರ್ಮೇಚರ್ ಮೇಲೆ.

ಬಹಳ ಕಾಲ ನಿಂತಿದ್ದ ಗಾಡಿಯಲ್ಲಿ ಒಮ್ಮೊಮ್ಮೆ ಎಲ್ಲ ಸರಿಯಿದ್ದರೂ ಕರೆಂಟ್ ಹುಟ್ಟುವುದಿಲ್ಲ. ಒಳಗಿನ ಕಬ್ಬಿಣದಲ್ಲಿ ಉಳಿದಿರಬೇಕಾದ ಚೂರು ಕಾಂತಶಕ್ತಿ ಹೋಗಿರುತ್ತದೆ. ಆಗ ಎಫ್ ವೈರ್ ಬಿಚ್ಚಿ, ಬ್ಯಾಟರಿಯಲ್ಲಿ ಬಾಡಿಗೆ ಹೋಗದ ತುದಿಯಿಂದ ಒಂದು ವೈರ್ ತಂದು ಆ ಟರ್ಮಿನಲ್‌ಗೆ ಕ್ಷಣಕಾಲ ತಾಗಿಸುತ್ತಾರೆ. ಕಿಡಿ ಹಾರುತ್ತದೆ, ಅಷ್ಟೇ. ಡೈನಮೋಗೆ ಮತ್ತೆ ಜೀವ ಬರುತ್ತದೆ. ಪಾಸಿಟಿವ್, ನೆಗೆಟಿವ್ ಯಾವ ಕಡೆ ಇರಬೇಕು ಎನ್ನುವುದೂ ಈ ಕಿಡಿಯಲ್ಲೇ ತೀರ್ಮಾನ.

ಈ ಕಿಡಿ ಮುಟ್ಟಿಸುವ ಕೆಲಸಕ್ಕೆ ಏನನ್ನಬೇಕು ಎನ್ನುವುದೇ ನನ್ನ ಪ್ರಶ್ನೆ. ನಿಘಂಟಿನ ದಾರಿ ಹಿಡಿದರೆ ‘ಧ್ರುವೀಕರಣ’ ಸಿಗುತ್ತದೆ. ಅದನ್ನು ಕೇಳಿದರೆ ಚುನಾವಣೆ ವಿಶ್ಲೇಷಣೆ ನೆನಪಾಗುತ್ತದೆ! ಸದ್ಯಕ್ಕೆ ‘ಫೀಲ್ಡಿಗೆ ಕರೆಂಟ್ ಮುಟ್ಟಿಸುವುದು’ ಎಂದು ಬರೆದಿದ್ದೇನೆ. ಇದು ಕೈ ಮಾಡುವ ಕೆಲಸವನ್ನು ಹೇಳುತ್ತದೆ, ಒಳಗೆ ಆಗುವುದನ್ನು ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಮಾತನ್ನು ಯಾರಾದರೂ ಗ್ಯಾರೇಜಿನಲ್ಲಿ ಕೇಳಿದ್ದರೆ ದಯವಿಟ್ಟು ತಿಳಿಸಿ.